ಗದ್ದಲದಲ್ಲಿ ಮಾತು ಕೇಳಿಸುವ ಪರೀಕ್ಷೆ: ಅಂಕ ಯಾಕೋ ಸರಿಯಿಲ್ಲ ಅನ್ನಿಸಿದರೆ ಎಲ್ಲಿ ಹುಡುಕಬೇಕು

"ಎದುರು ಕೂತು ಮಾತಾಡಿದರೆ ಎಲ್ಲಾ ಕೇಳಿಸುತ್ತೆ ಮೇಡಂ, ಛತ್ರಕ್ಕೆ ಹೋದರೆ ಮಾತ್ರ ಒಂದೂ ಗೊತ್ತಾಗಲ್ಲ." ಬೆಂಗಳೂರಿನ ಯಾವ ಶ್ರವಣ ಕ್ಲಿನಿಕ್ಕಿನಲ್ಲಿ ಕೂತರೂ ಕಿವಿಗೆ ಬೀಳುವ ಮಾತಿದು. ಬೀಪ್ ಕೇಳಿಸಿದಾಗ ಬಟನ್ ಒತ್ತುವ ಟೆಸ್ಟು ಇದಕ್ಕೆ ಉತ್ತರ ಕೊಡುವುದಿಲ್ಲ. ಹಾಗಾಗಿ ಗದ್ದಲದ ಜೊತೆ ವಾಕ್ಯ ಕೇಳಿಸುತ್ತೇವೆ, ತಿರುಗಿ ಹೇಳಿಸುತ್ತೇವೆ. ಎಷ್ಟು ಗದ್ದಲದಲ್ಲಿ ಅರ್ಧದಷ್ಟು ಮಾತನ್ನು ಹಿಡಿಯುತ್ತಾರೆ ಎಂದು ನೋಡುತ್ತೇವೆ. ಅದನ್ನು ಡೆಸಿಬಲ್‌ನಲ್ಲಿ ಬರೆದರೆ ಅದೇ ಅಂಕ; ಕೆಲವೊಮ್ಮೆ ಸರಿ ಹೇಳಿದ ಪದಗಳ ಶೇಕಡಾವನ್ನೂ ಅಂಕ ಅನ್ನುತ್ತೇವೆ.

ತೊಂದರೆ ಏನೆಂದರೆ, ಈ ಪರೀಕ್ಷೆ ಕೆಟ್ಟರೆ ಕೆಟ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಹೆಡ್‌ಫೋನ್ ಸತ್ತರೆ ತಕ್ಷಣ ತಿಳಿಯುತ್ತದೆ. ಇಲ್ಲಿ ಮಾತೂ ಕೇಳಿಸುತ್ತಿರುತ್ತದೆ, ಗದ್ದಲವೂ ಕೇಳಿಸುತ್ತಿರುತ್ತದೆ, ಕೊನೆಗೆ ಒಂದು ಸಂಖ್ಯೆಯೂ ಬರುತ್ತದೆ. ಆ ಸಂಖ್ಯೆ ಕಿವಿಯದ್ದಲ್ಲ, ಲ್ಯಾಪ್‌ಟಾಪಿನ ಯಾವುದೋ ಸೆಟ್ಟಿಂಗಿನದ್ದು ಆಗಿರಬಹುದು. ಕ್ಲಿನಿಕ್ ನಡೆಸುವವರಿಗೆ, ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ, ಶಾಲೆ-ಫ್ಯಾಕ್ಟರಿಗಳಲ್ಲಿ ಕ್ಯಾಂಪ್ ಹಾಕುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ಹುಡುಕುವ ಮುಂಚೆ

ನಾವು ಅಳೆಯುವುದು ಒಂದು ವ್ಯತ್ಯಾಸವನ್ನು. ಮಾತು 65 ಡೆಸಿಬಲ್, ಗದ್ದಲ 60 ಡೆಸಿಬಲ್ ಇದ್ದರೆ ಎಸ್‌ಎನ್‌ಆರ್ (ಗದ್ದಲಕ್ಕಿಂತ ಮಾತು ಎಷ್ಟು ಡೆಸಿಬಲ್ ಮೇಲಿದೆ ಅನ್ನುವುದು) +5. ಎರಡನ್ನೂ 10 ಡೆಸಿಬಲ್ ಏರಿಸಿದರೂ ಅದು +5 ಆಗಿಯೇ ಇರುತ್ತದೆ. ಅಂದರೆ ವಾಲ್ಯೂಮ್ ಒಟ್ಟಾರೆ ಸ್ವಲ್ಪ ಜಾಸ್ತಿಯೋ ಕಮ್ಮಿಯೋ ಆದರೆ ಪ್ರಳಯವೇನೂ ಆಗುವುದಿಲ್ಲ. ಮಾತನ್ನು ಮುಟ್ಟಿ ಗದ್ದಲವನ್ನು ಬಿಡುವ ತಪ್ಪು, ಅಥವಾ ಗದ್ದಲವನ್ನು ಮುಟ್ಟಿ ಮಾತನ್ನು ಬಿಡುವ ತಪ್ಪು ಇದೆಯಲ್ಲ, ಅದು ಪರೀಕ್ಷೆಯನ್ನು ಕೆಡಿಸುತ್ತದೆ. ಎಷ್ಟು ಕೆಡಿಸುತ್ತದೆ? ಒಳ್ಳೆಯ ವಾಕ್ಯ ಪರೀಕ್ಷೆಗಳಲ್ಲಿ ಅರ್ಧ ಅರ್ಥವಾಗುವ ಜಾಗದ ಆಸುಪಾಸಿನಲ್ಲಿ 1 ಡೆಸಿಬಲ್ ಆಚೀಚೆ ಆದರೆ ಅಂಕ ಹೆಚ್ಚುಕಮ್ಮಿ 15 ಶೇಕಡಾ ಜಿಗಿಯುತ್ತದೆ. 3 ಡೆಸಿಬಲ್ ತಪ್ಪಿದರೆ ಪಾಸಾಗಬೇಕಾದವರು ಫೇಲ್.

ಆದ್ದರಿಂದ ಏನೇ ಅನುಮಾನ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಎರಡನ್ನೂ ಮುಟ್ಟಿತಾ, ಒಂದನ್ನೇ ಮುಟ್ಟಿತಾ?

ಆಮೇಲೆ ನೋಡಬೇಕಾದ್ದು, ಅಂಕ ಯಾರಿಗೆ ವಿಚಿತ್ರವಾಗಿ ಬರುತ್ತಿದೆ ಅನ್ನುವುದನ್ನು. ಬಂದವರಿಗೆಲ್ಲಾ ಹಾಗೇ ಬರುತ್ತಿದ್ದರೆ ಉಪಕರಣ ಅಥವಾ ಧ್ವನಿ ಫೈಲು. ಒಂದು ವಾಕ್ಯಪಟ್ಟಿಯಲ್ಲಿ ಮಾತ್ರ ಆದರೆ ಆ ಪಟ್ಟಿಯ ರೆಕಾರ್ಡಿಂಗು. ಒಂದೇ ಕಿವಿಯಲ್ಲಿ, ಅದೂ ಯಾರೇ ಕೂತರೂ ಅದೇ ಬದಿ ಆದರೆ ಕೇಬಲ್ಲು. ಒಬ್ಬರಿಗೆ ಮಾತ್ರ ಆದರೆ ಆಗ ಆ ಮನುಷ್ಯರನ್ನು ನೋಡಿ. ಇದನ್ನು ತಿಳಿಯಲು ದೊಡ್ಡ ಸಾಧನ ಬೇಡ. ಬೀಪ್ ಟೆಸ್ಟಿನಲ್ಲಿ ಕಿವಿ ಚೆನ್ನಾಗಿದೆ ಎಂದು ಗೊತ್ತಿರುವ ಇಬ್ಬರು ಮೂವರು ಸಿಬ್ಬಂದಿಯ ಅಂಕ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಅವರಲ್ಲೊಬ್ಬರನ್ನು ಕೂರಿಸಿ ಒಂದು ಪಟ್ಟಿ ಓಡಿಸಿ. ನಿನ್ನೆ ಮೊನ್ನೆವರೆಗೆ ಬರುತ್ತಿದ್ದ ಅಂಕಕ್ಕಿಂತ 2 ಡೆಸಿಬಲ್ ಆಚೆ ಬಂದರೆ ಅವತ್ತು ರೋಗಿಗಳನ್ನು ಕೂರಿಸುವ ಮುಂಚೆ ಮುಂದಿನದನ್ನು ಓದಿ.

ಎಲ್ಲರಿಗೂ ಅಂಕ ತುಂಬಾ ಚೆನ್ನಾಗಿ ಬರುತ್ತಿದ್ದರೆ

ಇದರ ಬಗ್ಗೆ ಯಾರೂ ದೂರು ಹೇಳುವುದಿಲ್ಲ, ಅದಕ್ಕೇ ಇದು ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಕಿವಿ ಮಂದವಾದ ಎಪ್ಪತ್ತರ ಹಿರಿಯರು ಇಪ್ಪತ್ತರ ಹುಡುಗಿಯಷ್ಟು ಅಂಕ ತೆಗೆದರೆ ಖುಷಿಪಡಬೇಡಿ.

ಮೊದಲನೆಯ ಅನುಮಾನ ಚಾನೆಲ್ಲಿನ ಮೇಲೆ. ಎರಡು ಚಾನೆಲ್ಲಿನ ಆಡಿಯೋಮೀಟರಿನಲ್ಲಿ (ಕಿವಿ ಪರೀಕ್ಷಿಸುವ ಯಂತ್ರ) ಮಾತು ಒಂದರಲ್ಲಿ, ಗದ್ದಲ ಇನ್ನೊಂದರಲ್ಲಿ ಬಂದು, ಎರಡೂ ಒಂದೇ ಕಿವಿಯಲ್ಲಿ ಸೇರಬೇಕು. ಗದ್ದಲ ಆಚೆ ಕಿವಿಗೆ ಹೋಗುತ್ತಿದ್ದರೆ ಪರೀಕ್ಷೆಯೇ ನಡೆದಿಲ್ಲ ಅಂತ ಲೆಕ್ಕ. ಪಾಪ, ಕೂತವರು ಹೇಳುವುದೂ ಇಲ್ಲ. ಇದು ಹೀಗೇ ಇರಬೇಕೇನೋ ಅಂದುಕೊಳ್ಳುತ್ತಾರೆ. ನೀವೇ ಹೆಡ್‌ಫೋನ್ ಹಾಕಿಕೊಳ್ಳಿ. ಬಲ ಕಿವಿಯ ಬದಿಯನ್ನು ತೆಗೆದು ಎಡದಲ್ಲಿ ಕೇಳಿ, ಎಡವನ್ನು ತೆಗೆದು ಬಲದಲ್ಲಿ ಕೇಳಿ. ಅರ್ಧ ನಿಮಿಷದ ಕೆಲಸ.

ಇನ್ನೊಂದು ನವಿರಾದ ತಪ್ಪಿದೆ. ಎರಡೂ ಕಿವಿಗೆ ಒಟ್ಟಿಗೆ ಕೇಳಿಸುವ ಪರೀಕ್ಷೆಯಲ್ಲಿ, ಮಾತಿನ ಫೈಲಿನ ಒಂದು ಬದಿ ಮಾತ್ರ ಉಲ್ಟಾ ಆಗಿರುವುದು. ಅಂದರೆ ಎಡದಲ್ಲಿ ಅಲೆ ಮೇಲಕ್ಕೆ ಹೋಗುವಾಗ ಬಲದಲ್ಲಿ ಕೆಳಕ್ಕೆ ಹೋಗುವುದು. ಗದ್ದಲ ಮಾತ್ರ ಎರಡೂ ಕಡೆ ಒಂದೇ ತರಹ. ಮೀಟರಿನಲ್ಲಿ ಮಟ್ಟ ಸರಿಯಾಗೇ ಕಾಣುತ್ತದೆ. ಆದರೆ ಮಿದುಳು ಎರಡು ಕಿವಿಗಳನ್ನು ಹೋಲಿಸಿ ಗದ್ದಲದಿಂದ ಮಾತನ್ನು ಬೇರ್ಪಡಿಸಿಬಿಡುತ್ತದೆ. ಹೀಗೆ ಮಾಡಿದರೆ ಮಾತು ಹೆಚ್ಚು ಅರ್ಥವಾಗುತ್ತದೆ ಎಂದು ಸಂಶೋಧಕ ಲಿಕ್‌ಲೈಡರ್ 1948ರಲ್ಲೇ ತೋರಿಸಿದ್ದರು. ಆದರೆ ಹೆಡ್‌ಫೋನಿನ ವೈರನ್ನೇ ಯಾರಾದರೂ ಒಂದು ಬದಿ ತಿರುಗಿಸಿ ಬೆಸುಗೆ ಹಾಕಿದ್ದರೆ ಈ ಲಾಭ ಬರುವುದಿಲ್ಲ, ಯಾಕೆಂದರೆ ಆಗ ಮಾತು, ಗದ್ದಲ ಎರಡೂ ಒಟ್ಟಿಗೆ ಉಲ್ಟಾ ಆಗುತ್ತವೆ. ಮೇಲೆ ಹೇಳಿದ ಪ್ರಶ್ನೆ ಇಲ್ಲೂ ಕೆಲಸ ಮಾಡಿತು ನೋಡಿ. ಪರೀಕ್ಷಿಸಲು ಯಾವುದಾದರೂ ಆಡಿಯೋ ಎಡಿಟರಿನಲ್ಲಿ ಮಾತಿನ ಫೈಲನ್ನು ತೆರೆದು ಎಡ ಬಲ ಎರಡನ್ನೂ ಕೂಡಿಸಿ. ಮಾತು ಹೆಚ್ಚುಕಡಿಮೆ ಮಾಯವಾದರೆ ಒಂದು ಬದಿ ಉಲ್ಟಾ ಆಗಿದೆ.

ಉಪಕರಣ ಸರಿಯಿದ್ದರೆ ನಿಮ್ಮ ಮುಖವನ್ನು ನೋಡಿಕೊಳ್ಳಿ. ರೆಕಾರ್ಡಿಂಗ್ ಬಿಟ್ಟು ಬಾಯಲ್ಲೇ ವಾಕ್ಯ ಓದುವ ಅಭ್ಯಾಸವಿದ್ದರೆ, ಎದುರಿನವರು ತುಟಿ ನೋಡಿ ಅರ್ಧ ಉತ್ತರ ಹೇಳುತ್ತಾರೆ. ಗದ್ದಲ ಜಾಸ್ತಿಯಾದಷ್ಟೂ ತುಟಿ ನೋಡುವುದರ ಉಪಯೋಗ ಜಾಸ್ತಿ. 1954ರ ಸಂಬಿ ಮತ್ತು ಪೊಲಾಕ್ ಅವರ ಪ್ರಯೋಗದಿಂದ ಗೊತ್ತಿರುವ ಸಂಗತಿ ಇದು. ಬಾಯಲ್ಲಿ ಓದುವಾಗ ಇನ್ನೊಂದು ತಪ್ಪೂ ಆಗುತ್ತದೆ: ಗದ್ದಲ ಏರಿದರೆ ಓದುವವರ ದನಿ ತಾನಾಗೇ ಏರುತ್ತದೆ. ಈ ಪರೀಕ್ಷೆಗೆ ಬಾಯಿ ಓದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪಟ್ಟಿ ಬಾಯಿಪಾಠ ಆಗಿದೆಯಾ ಅಂತಲೂ ನೋಡಿ. ಹಾಗರ್ಮನ್ 1982ರಲ್ಲಿ ಸ್ವೀಡಿಷ್‌ನಲ್ಲಿ ಶುರುಮಾಡಿದ ಮಾದರಿಯ ಪರೀಕ್ಷೆಗಳಲ್ಲಿ 50 ಪದಗಳೇ ಅದಲುಬದಲಾಗಿ ಬರುತ್ತವೆ. ಮೊದಲ ಒಂದೆರಡು ಪಟ್ಟಿಗಳಲ್ಲಿ ಕಿವಿ ಪಳಗಿ ಅಂಕ ಸುಮಾರು 2 ಡೆಸಿಬಲ್ ಸುಧಾರಿಸುತ್ತದೆ. ಎರಡು ಪಟ್ಟಿ ಅಭ್ಯಾಸಕ್ಕೆ ಬಿಟ್ಟು ಆಮೇಲೆ ಎಣಿಸಬೇಕು. ಶ್ರವಣ ಸಾಧನ ಹಾಕುವ ಮುಂಚೆ ಅಭ್ಯಾಸವಿಲ್ಲದೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ಮಾಡಿ "ನೋಡಿ, 2 ಡೆಸಿಬಲ್ ಲಾಭ" ಎಂದು ಹೇಳಿದರೆ ಅದು ಸಾಧನದ ಲಾಭ ಅಲ್ಲ.

ಡಯಲ್ ತಿರುಗಿಸಿದರೂ ಅಂಕ ಅಲ್ಲೇ ನಿಂತರೆ

ಲ್ಯಾಪ್‌ಟಾಪ್ ಬಳಸುವ ಕ್ಲಿನಿಕ್ಕುಗಳಲ್ಲಿ ಇದು ಮಾಮೂಲು. ಸ್ಟೀರಿಯೋ ಫೈಲಿನ ಎಡದಲ್ಲಿ ಮಾತು, ಬಲದಲ್ಲಿ ಗದ್ದಲ. ಯಾರೋ ಯಾವಾಗಲೋ 'ಮೋನೋ ಆಡಿಯೋ' ಆನ್ ಮಾಡಿದ್ದಾರೆ. ಆಗ ಎರಡೂ ಒಳಗೇ ಬೆರೆತು ಎರಡೂ ಚಾನೆಲ್ಲಿಗೆ ಹೋಗುತ್ತವೆ. ನೀವು ಗದ್ದಲದ ಡಯಲ್ ಏರಿಸಿದರೆ ಅದರ ಜೊತೆ ಮಾತೂ ಏರುತ್ತದೆ. ಪರದೆಯ ಮೇಲೆ −5 ಇರಲಿ, +10 ಇರಲಿ, ಕಿವಿಗೆ ಬೀಳುವುದು ಒಂದೇ. ಕಂಡುಹಿಡಿಯುವುದು ಸುಲಭ: ಗದ್ದಲದ ಚಾನೆಲ್ಲನ್ನು ಪೂರ್ತಿ ಆಫ್ ಮಾಡಿ. ಇನ್ನೂ ಗದ್ದಲ ಕೇಳಿಸುತ್ತಿದ್ದರೆ ಸಿಕ್ಕಿಬಿತ್ತು.

ಅದೇ ಸೆಟ್ಟಿಂಗ್‌ಗಳಲ್ಲಿ ಎಡ-ಬಲ ಬ್ಯಾಲೆನ್ಸ್ ನಡುವೆ ಇದೆಯಾ ನೋಡಿ. ಅದು ಒಂದು ಬದಿಗೆ ಸರಿದಿದ್ದರೆ ಒಂದನ್ನೇ ಮುಟ್ಟುವ ತಪ್ಪಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 'ಎನ್‌ಹ್ಯಾನ್ಸ್‌ಮೆಂಟ್', 'ಲೌಡ್‌ನೆಸ್ ಈಕ್ವಲೈಸೇಶನ್', ಮೊಬೈಲಿನಲ್ಲಾದರೆ 'ಡಾಲ್ಬಿ', ಈ ಹೆಸರಿನವನ್ನೆಲ್ಲ ಆಫ್ ಮಾಡಿ. ಸಣ್ಣ ಸದ್ದನ್ನು ದೊಡ್ಡದು ಮಾಡಿ, ದೊಡ್ಡದನ್ನು ಅಮುಕುವುದೇ ಇವುಗಳ ಕೆಲಸ. ಸಿನಿಮಾ ನೋಡಲು ಚೆಂದ, ಅಳತೆಗೆ ಮಾರಿ.

ಬ್ಲೂಟೂತ್ ಹೆಡ್‌ಸೆಟ್ಟಂತೂ ಬೇಡ. ಉತ್ತರ ರೆಕಾರ್ಡ್ ಮಾಡಲು ಅದರದ್ದೇ ಮೈಕ್ ಆನ್ ಮಾಡಿದ ಕೂಡಲೇ ತುಂಬಾ ಹೆಡ್‌ಸೆಟ್ಟುಗಳು ಫೋನ್ ಕಾಲ್ ಮೋಡ್‌ಗೆ ಇಳಿಯುತ್ತವೆ. ಧ್ವನಿ ಮೋನೋ ಆಗುತ್ತದೆ, ಮೇಲಿನ ಕಂಪನಗಳು (ಹೈ ಫ್ರೀಕ್ವೆನ್ಸಿ) ಕತ್ತರಿಸಿಹೋಗುತ್ತವೆ. 'ಸ', 'ಶ', 'ಚ' ಗುರುತಾಗುವುದೇ ಆ ಮೇಲಿನ ಕಂಪನಗಳಲ್ಲಿ. ವೈರ್ ಇರುವ ಹೆಡ್‌ಫೋನ್ ತೊಗೊಳ್ಳಿ. ಎಸ್.ಪಿ. ರೋಡಿನಲ್ಲಿ ಕೇಬಲ್ಲು, ಪಿನ್ನು ಎಲ್ಲಾ ಸಿಗುತ್ತವೆ. ಆದರೆ ಪರೀಕ್ಷೆಯ ಹೆಡ್‌ಫೋನನ್ನು ಬದಲಿಸಿದರೆ ಕ್ಯಾಲಿಬ್ರೇಶನ್ (ಮಟ್ಟವನ್ನು ಅಳೆದು ಹೊಂದಿಸುವುದು) ಮತ್ತೆ ಮಾಡಿಸಲೇಬೇಕು. ಆ ಖರ್ಚು ಉಳಿಸುವುದಕ್ಕೆ ಹೋಗಬೇಡಿ.

ಎಲ್ಲರಿಗೂ ಕೆಟ್ಟದಾಗಿ ಬರುತ್ತಿದ್ದರೆ: ಫೈಲನ್ನು ಬಿಚ್ಚಿ ನೋಡಿ

ಸ್ವಂತ ವಾಕ್ಯ, ಸ್ವಂತ ಗದ್ದಲ ಜೋಡಿಸಿಕೊಂಡವರಲ್ಲಿ ಇದು ಜಾಸ್ತಿ. ಕನ್ನಡದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಯಾರಾದ ಪದಪಟ್ಟಿ, ವಾಕ್ಯಪಟ್ಟಿಗಳಿವೆ. ಅವು ಸಿಗುವ ಹಾಗಿದ್ದರೆ ಅವನ್ನೇ ಬಳಸಿ. ಇಲ್ಲ, ನಾವೇ ಮಾಡುತ್ತೇವೆ ಅನ್ನುವವರು ಮಟ್ಟದ ಲೆಕ್ಕವನ್ನು ಹುಷಾರಾಗಿ ಮಾಡಬೇಕು.

ಫೈಲಿನ ಮಟ್ಟವನ್ನು ಆರ್‌ಎಂಎಸ್ ಸರಾಸರಿಯಲ್ಲಿ (ಇಡೀ ಅಲೆಯ ಶಕ್ತಿಯ ಸರಾಸರಿಯಿಂದ) ಅಳೆಯುತ್ತೇವೆ, ಅಲ್ವಾ? ವಾಕ್ಯದ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟಿದ್ದರೆ ಆ ನಿಶ್ಶಬ್ದವೂ ಸರಾಸರಿಗೆ ಸೇರುತ್ತದೆ. ಫೈಲಿನ ಅರ್ಧ ಖಾಲಿ ಇದ್ದರೆ ಮಾತಿನ ಮಟ್ಟ ಇರುವುದಕ್ಕಿಂತ 3 ಡೆಸಿಬಲ್ ಕಮ್ಮಿ ಅಂತ ತೋರಿಸುತ್ತದೆ. ಸಾಫ್ಟ್‌ವೇರ್ ಅದನ್ನು ಸರಿ ಮಾಡಲು ಮಾತನ್ನು 3 ಡೆಸಿಬಲ್ ಏರಿಸುತ್ತದೆ. ಆಗ ಖಾಲಿ ಜಾಗವಿರುವ ವಾಕ್ಯಗಳು ಸುಲಭವಾಗುತ್ತವೆ, ಒತ್ತಾಗಿ ಕತ್ತರಿಸಿದ ವಾಕ್ಯಗಳು ಕಷ್ಟವಾಗುತ್ತವೆ. ಒಂದೇ ಪಟ್ಟಿಯೊಳಗೆ ಅಂಕ ಏರಿಳಿದರೆ ಮೊದಲು ಇದನ್ನೇ ಅನುಮಾನಿಸಿ. ಮಾತಿರುವ ಭಾಗವನ್ನು ಮಾತ್ರ ಆಯ್ದು ಅಳೆದರೆ ಸರಿಹೋಗುತ್ತದೆ.

ಕ್ಲಿಪ್ಪಿಂಗ್ ಇನ್ನೊಂದು. ಮಾತು, ಗದ್ದಲ ಎರಡೂ ಫೈಲಿನ ಗರಿಷ್ಠ ಮಟ್ಟದ ಹತ್ತಿರ ಇದ್ದು, ಎರಡನ್ನೂ ಕೂಡಿಸಿದರೆ ಅಲೆಯ ತುದಿಗಳು ಸಪಾಟಾಗಿ ಕತ್ತರಿಸಿಹೋಗುತ್ತವೆ. ಕೇಳಿದರೆ ಕರಕರ ಅನ್ನುತ್ತದೆ. ಗದ್ದಲದ ನಡುವೆ ಆ ಕರಕರ ಕಿವಿಗೆ ಬೀಳದೆಯೂ ಹೋಗಬಹುದು, ಅದಕ್ಕೇ ಕಣ್ಣಲ್ಲಿ ನೋಡಿ. ಕೂಡಿಸುವ ಮುಂಚೆ ಎರಡನ್ನೂ 6 ಡೆಸಿಬಲ್ ಇಳಿಸಿದರೆ ಸಾಕು. ಎರಡನ್ನೂ, ಒಂದನ್ನಲ್ಲ.

ಇನ್ನು ಗದ್ದಲದ ರೆಕಾರ್ಡಿಂಗು. ನಮ್ಮೂರಿನ ಗದ್ದಲದಲ್ಲೇ ಪರೀಕ್ಷೆ ಮಾಡೋಣ ಅಂತ ಕೆ.ಆರ್. ಮಾರ್ಕೆಟ್ಟಿಗೋ ಮೆಜೆಸ್ಟಿಕ್ಕಿಗೋ ಮೊಬೈಲ್ ಹಿಡಿದು ಹೋಗುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಮಾರ್ಕೆಟ್ಟಿನ ಫೈಲಿನಲ್ಲಿ ಒಬ್ಬರು "ಟೊಮ್ಯಾಟೋ ಇಪ್ಪತ್ತು, ಇಪ್ಪತ್ತು!" ಎಂದು ಸ್ಪಷ್ಟವಾಗಿ ಕೂಗಿರುತ್ತಾರೆ. ಕೂತವರು ಪರೀಕ್ಷೆಯ ವಾಕ್ಯ ಬಿಟ್ಟು "ಇಪ್ಪತ್ತು" ಅನ್ನುತ್ತಾರೆ. ಅವರ ಕಿವಿಯ ತಪ್ಪೇನಿಲ್ಲ, ಅವರಿಗೆ ಚೆನ್ನಾಗೇ ಕೇಳಿಸಿದೆ! ಅರ್ಥವಾಗುವ ಭಾಷೆಯ ಮಾತು ಗದ್ದಲವಾಗಿ ಬಂದರೆ ಬರೀ ಸದ್ದಿಗಿಂತ ಬೇರೆ ರೀತಿಯಲ್ಲಿ ಅಡ್ಡ ಬರುತ್ತದೆ, ಗಮನವನ್ನೇ ಎಳೆದುಕೊಳ್ಳುತ್ತದೆ. ಮೆಜೆಸ್ಟಿಕ್ಕಿನ ಫೈಲಿನಲ್ಲಿ ತೊಂದರೆ ಬೇರೆ. ಒಂದು ಬಸ್ಸಿನ ಹಾರ್ನು ಮೂರನೆಯ ವಾಕ್ಯದ ಮೇಲೆ ಬೀಳುತ್ತದೆ, ನಾಲ್ಕನೆಯ ವಾಕ್ಯ ಹಾರ್ನು ಹಾರ್ನಿನ ನಡುವಿನ ಸಂದಿಯಲ್ಲಿ ಆರಾಮಾಗಿ ಕೇಳಿಸುತ್ತದೆ. ಸರಾಸರಿ ಎಸ್‌ಎನ್‌ಆರ್ ಎರಡಕ್ಕೂ ಒಂದೇ, ಕಷ್ಟ ಮಾತ್ರ ಬೇರೆ. ಅಳತೆಗೆ ಮಾತಿನದ್ದೇ ಕಂಪನ ಹಂಚಿಕೆಯಿರುವ ಸಮನಾದ ಗದ್ದಲ, ಅಥವಾ ನಾಲ್ಕಾರು ಜನ ಒಟ್ಟಿಗೆ ಮಾತಾಡುವ ಗಜಿಬಿಜಿ ಬಳಸಿ. ಮಾರ್ಕೆಟ್ಟಿನ ಫೈಲು ಕೌನ್ಸೆಲಿಂಗ್ ಮಾಡುವಾಗ ಮನೆಯವರಿಗೆ ಕೇಳಿಸಲು ಇರಲಿ.

ಬೆಳಿಗ್ಗೆ ಒಂದು ಅಂಕ, ಸಂಜೆ ಒಂದು ಅಂಕ

ಇಂಥ ಸಮಯದಲ್ಲಿ ಎಲ್ಲರೂ ರಸ್ತೆಯನ್ನು ಬೈಯುತ್ತಾರೆ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ, ಕರೆಂಟ್ ಹೋಗಿ ಜನರೇಟರ್ ಹಾಕಿದ್ದಾರೆ ಅಂತ. ಬೀಪ್ ಟೆಸ್ಟಿಗಾದರೆ ಇದು ಪೂರ್ತಿ ನಿಜ. ಗದ್ದಲದ ಪರೀಕ್ಷೆಗೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಸ್ಪೀಕರಿನಿಂದ 65 ಡೆಸಿಬಲ್ ಗದ್ದಲ ಬರುತ್ತಿದೆ ಅನ್ನಿ. ಕೋಣೆಯಲ್ಲಿ ಮೊದಲೇ 45 ಇದ್ದರೆ ಏನೂ ವ್ಯತ್ಯಾಸವಿಲ್ಲ. 55 ಇದ್ದರೆ ಒಟ್ಟು 65.4. 60 ಇದ್ದರೆ 66.2, ಅಂದರೆ 1 ಡೆಸಿಬಲ್‌ಗಿಂತ ಜಾಸ್ತಿ ಕೆಟ್ಟಿತು. ವಸತಿ ಪ್ರದೇಶಕ್ಕೆ ನಮ್ಮ 2000ದ ಶಬ್ದಮಾಲಿನ್ಯ ನಿಯಮ ಹಗಲಿಗೆ ಕೊಟ್ಟಿರುವ ಮಿತಿ 55, ವಾಣಿಜ್ಯ ಪ್ರದೇಶಕ್ಕೆ 65. ಅದು ಹೊರಗಿನ ಮಾತು. ಕಿಟಕಿ ಮುಚ್ಚಿದ ಕೋಣೆಯೊಳಗೆ ಎಷ್ಟಿದೆ ಎಂದು ಮೀಟರ್ ಹಿಡಿದೇ ನೋಡಬೇಕು. ಹಾಗಾಗಿ ಕಷ್ಟದ ಹಂತಗಳಲ್ಲಿ ರಸ್ತೆಯ ಪಾತ್ರ ಅಂದುಕೊಂಡಷ್ಟಿಲ್ಲ. ಸುಲಭದ ಹಂತಗಳಲ್ಲಿ ಇದೆ. ಮಾತು 65, ಗದ್ದಲ 40, ಎಸ್‌ಎನ್‌ಆರ್ +25 ಎಂದು ಪರದೆ ಹೇಳುತ್ತದೆ. ಕೋಣೆಯ ಫ್ಯಾನೇ 50 ಇದ್ದರೆ ನಿಮಗೆ ಸಿಕ್ಕಿದ್ದು +15 ಕೂಡ ಅಲ್ಲ. ಸುಲಭದ ವಾಕ್ಯಗಳಲ್ಲೂ ಜನ ತಪ್ಪುತ್ತಿದ್ದರೆ ಫ್ಯಾನ್ ಆಫ್ ಮಾಡಿ ನೋಡಿ.

ರಸ್ತೆಗಿಂತ ನನಗೆ ಕುರ್ಚಿಯ ಮೇಲೆ ಅನುಮಾನ ಜಾಸ್ತಿ. ಮುಂದಿನ ಸ್ಪೀಕರಿನಿಂದ ಮಾತು, ಹಿಂದಿನದರಿಂದ ಗದ್ದಲ, ಎರಡೂ ತಲೆಯಿಂದ 1 ಮೀಟರ್ ದೂರ. ಕೇಳಿಸದಿದ್ದಾಗ ಯಾರಾದರೂ ಏನು ಮಾಡುತ್ತಾರೆ? ಮುಂದಕ್ಕೆ ಬಾಗುತ್ತಾರೆ. 20 ಸೆಂಟಿಮೀಟರ್ ಬಾಗಿದರೆ ಮಾತು 1.9 ಡೆಸಿಬಲ್ ಏರುತ್ತದೆ, ಗದ್ದಲ 1.6 ಇಳಿಯುತ್ತದೆ. ಒಟ್ಟು 3.5 ಡೆಸಿಬಲ್ ಪುಕ್ಕಟೆ ಲಾಭ! ಪ್ರತಿಧ್ವನಿ ಇರುವ ಕೋಣೆಯಲ್ಲಿ ಇದು ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ಇಲ್ಲದಿರುವುದಿಲ್ಲ. ಬೆಳಿಗ್ಗೆ ಲವಲವಿಕೆಯಿಂದ ಮುಂದೆ ಬಾಗಿ ಕೂತವರು, ಸಂಜೆ ಸುಸ್ತಾಗಿ ಒರಗಿ ಕೂತರೆ ಅಂಕ ಬೇರೆ ಬರದೆ ಇರುತ್ತದಾ? ತಲೆ ಒರಗಿಸಲು ಜಾಗವಿರುವ ಕುರ್ಚಿ ಹಾಕಿ. ಕುರ್ಚಿಯ ಕಾಲು ಎಲ್ಲಿರಬೇಕು ಎಂದು ನೆಲದ ಮೇಲೆ ಟೇಪ್ ಅಂಟಿಸಿ. ಕಸ ಗುಡಿಸುವಾಗ ಕುರ್ಚಿ ಸರಿದೇ ಸರಿಯುತ್ತದೆ.

ಒಬ್ಬರಿಗೆ ಮಾತ್ರ ವಿಚಿತ್ರವಾದರೆ

ಕಿವಿಯಲ್ಲಿ ಗುಗ್ಗೆ ಇದೆಯಾ, ನೆಗಡಿ ಇದೆಯಾ, ಇದನ್ನು ಹೇಳಿಕೊಡಬೇಕಾಗಿಲ್ಲ. ಅದಕ್ಕಿಂತ ಜಾಸ್ತಿ ಸಲ ತಪ್ಪುವುದು ಸೂಚನೆ.

ವಯಸ್ಸಾದವರು ಒಂದರ ಮೇಲೊಂದು ವಾಕ್ಯಕ್ಕೆ ಸುಮ್ಮನೆ ಕೂತುಬಿಡುತ್ತಾರೆ. ಅಂಕ ಪಾತಾಳಕ್ಕೆ ಹೋಗುತ್ತದೆ.

"ಅಜ್ಜಿ, ಏನೂ ಕೇಳಿಸಲಿಲ್ವಾ?"

"ಕೇಳಿಸ್ತಮ್ಮ. 'ಅಂಗಡಿ' ಅಂತ ಏನೋ ಅಂದ ಹಾಗಾಯ್ತು. ಪೂರ್ತಿ ಗೊತ್ತಾಗ್ಲಿಲ್ಲ. ತಪ್ಪು ಹೇಳಬಾರ್ದು ಅಂತ ಸುಮ್ನಾದೆ."

ಅಂಕ ಇರುವುದೇ ಆ 'ಅಂಗಡಿ'ಗೆ. "ಒಂದೇ ಪದ ಸಿಕ್ಕರೂ ಹೇಳಿ, ಊಹೆ ಮಾಡಿ ಹೇಳಿ, ತಪ್ಪಾದರೂ ಪರವಾಗಿಲ್ಲ" ಅನ್ನುವುದನ್ನು ಪರೀಕ್ಷೆಗೆ ಮುಂಚೆ ಹೇಳಬೇಕು, ಅರ್ಧಕ್ಕೆ ನೆನಪಿಸಲೂ ಬೇಕು.

ಇನ್ನು ಅಂಕ ಹಾಕುವವರ ಕಿವಿ. ಬೆಂಗಳೂರಿನಲ್ಲಿ ಎಷ್ಟೋ ಜನ 'ಹಣ್ಣು' ಎಂದು ಕೇಳಿಸಿಕೊಂಡು 'ಅಣ್ಣು' ಎಂದು ಹೇಳುತ್ತಾರೆ. ಅವರ ಮನೆಮಾತೇ ಹಾಗೆ. ಅದಕ್ಕೆ ತಪ್ಪು ಹಾಕಿದರೆ ನೀವು ಅಳೆದಿದ್ದು ಉಚ್ಚಾರಣೆಯನ್ನು. ಅನುಮಾನವಿದ್ದರೆ ಗದ್ದಲವಿಲ್ಲದೆ ಅದೇ ಪದ ಹೇಳಿಸಿ ನೋಡಿ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡಿ ಹೊರಗೆ ಕನ್ನಡ ಆಡುವವರು ನಮ್ಮಲ್ಲಿ ಬೇಕಾದಷ್ಟು. ಅವರ ಕನ್ನಡ ಎಷ್ಟೇ ಸರಾಗವಾಗಿದ್ದರೂ ಎರಡನೆಯ ಭಾಷೆ ಗದ್ದಲದಲ್ಲಿ ಬೇಗ ಕೈಕೊಡುತ್ತದೆ. ಅಂಥವರಿಗೆ ಅವರ ಮನೆಮಾತಿನ ಪಟ್ಟಿ ಸಿಗದಿದ್ದರೆ ಮೂರು ಅಂಕಿಗಳನ್ನು ಹೇಳಿಸುವ ಪರೀಕ್ಷೆ ಮಾಡಿ. ಅದಕ್ಕೆ ಭಾಷೆಯ ಹೊರೆ ಕಡಿಮೆ.

ಎರಡು ಸಲ ಮಾಡಿದಾಗ ಎರಡು ಅಂಕ ಬಂತು ಅಂತ ಗಾಬರಿಯಾಗುವ ಮುಂಚೆ ಎಷ್ಟು ಪದದ ಪಟ್ಟಿ ಅಂತ ನೋಡಿ. 25 ಪದದ ಪಟ್ಟಿಯಲ್ಲಿ ಅರ್ಧ ಸರಿ ಹೇಳುವವರ ಅಂಕ ಬರೀ ಅದೃಷ್ಟದಿಂದಲೇ 10 ಶೇಕಡಾ ಆಚೀಚೆ ಆಡುತ್ತದೆ. 12 ಪದ ಒಮ್ಮೆ, 15 ಪದ ಇನ್ನೊಮ್ಮೆ ಬಂದರೆ ಅಲ್ಲಿ ಹುಡುಕುವುದಕ್ಕೆ ದೋಷವೇ ಇಲ್ಲ.

ಕೂಡಿಸುವ ತಪ್ಪು

ಎಲ್ಲಾ ಸರಿಯಿದ್ದೂ ನಿಮ್ಮ ಅಂಕ ಬೇರೆ ಕ್ಲಿನಿಕ್ಕಿನದಕ್ಕಿಂತ ಸರಿಯಾಗಿ 2 ಡೆಸಿಬಲ್ ಆಚೆ ಇದ್ದರೆ ಸೂತ್ರವನ್ನು ನೋಡಿ. ಕ್ವಿಕ್‌ಸಿನ್ ಎಂಬ ಇಂಥದ್ದೇ ಒಂದು ಪರೀಕ್ಷೆಯಲ್ಲಿ 6 ವಾಕ್ಯ, ಒಂದೊಂದರಲ್ಲೂ 5 ಮುಖ್ಯ ಪದ, +25ರಿಂದ 0ವರೆಗೆ 5 ಡೆಸಿಬಲ್ ಮೆಟ್ಟಿಲು. ಸರಿಯಾದ ಪದಗಳನ್ನು 27.5ರಿಂದ ಕಳೆದರೆ ಅರ್ಧ ಅರ್ಥವಾಗುವ ಎಸ್‌ಎನ್‌ಆರ್ ಬರುತ್ತದೆ. 25.5ರಿಂದ ಕಳೆದರೆ ಬರುವುದು ಎಸ್‌ಎನ್‌ಆರ್ ನಷ್ಟ, ಅಂದರೆ ಚೆನ್ನಾಗಿ ಕೇಳಿಸುವವರಿಗಿಂತ ಎಷ್ಟು ಜಾಸ್ತಿ ಬೇಕು ಅನ್ನುವುದು. 20 ಪದ ಸರಿ ಹೇಳಿದವರಿಗೆ ಒಂದು 7.5, ಇನ್ನೊಂದು 5.5. ಎರಡೂ ಸರಿಯೇ, ಹೆಸರು ಬೇರೆ.

ಅದಕ್ಕೇ ವರದಿಯಲ್ಲಿ ಬರೀ ಸಂಖ್ಯೆ ಬರೆದು ಕಳಿಸಬೇಡಿ. ಯಾವ ಪಟ್ಟಿ, ಯಾವ ಗದ್ದಲ, ಮಾತಿನ ಮಟ್ಟ ಎಷ್ಟು, ಹೆಡ್‌ಫೋನೋ ಸ್ಪೀಕರೋ, ಸ್ಪೀಕರಾದರೆ ಯಾವ ದಿಕ್ಕಿನಲ್ಲಿ, ಅಭ್ಯಾಸಕ್ಕೆ ಎಷ್ಟು ಪಟ್ಟಿ, ರೋಗಿಯ ಮನೆಮಾತು ಯಾವುದು, ಇಷ್ಟನ್ನೂ ಪಕ್ಕದಲ್ಲೇ ಬರೆಯಿರಿ. ಮೇಲಿನದೆಲ್ಲ ನೋಡಿದ ಮೇಲೂ ಆ ಒಬ್ಬರ ಅಂಕ ಕೆಟ್ಟದಾಗೇ ನಿಂತರೆ, ಬೀಪ್ ಟೆಸ್ಟ್ ಎಷ್ಟೇ ಚೆನ್ನಾಗಿದ್ದರೂ, ಅವರ ದೂರನ್ನು ನಂಬಿ ಮುಂದಿನ ತಪಾಸಣೆಗೆ ಕಳಿಸಿ.